ಸಲೀಂ ಅಲಿ ಅವರನ್ನು ಮಕ್ಕಳಿಗೆ ಹೇಗೆ ಪರಿಚಯಿಸೋದು? ಶಿವಮೊಗ್ಗ ಕಡೆಯವರು ಸ್ವಲ್ಪ ಹೇಳಿ

ಸೊರಬದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಮೇಷ್ಟ್ರು. ಆರು, ಏಳನೇ ಕ್ಲಾಸಿನವರಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನವೆಂಬರ್ 12 ಪಕ್ಷಿ ವಿಜ್ಞಾನಿ ಸಲೀಂ ಅಲಿ ಅವರು ಹುಟ್ಟಿದ ದಿನ. ಅವತ್ತು ಮಕ್ಕಳ ಜೊತೆ ಕೂತು ಅವರನ್ನು ನೆನೆಯಬೇಕು ಅಂತ ಆಸೆ ಇದೆ.

ಇಂಥ ದಿನಗಳಲ್ಲಿ ಶಾಲೆಯಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಒಂದು ಫೋಟೋ, ಒಂದು ಹಾರ, ಆಮೇಲೆ ಯಾರೋ ಒಬ್ಬ ಹುಡುಗ ಎದ್ದು ನಿಂತು ಚೀಟಿ ನೋಡಿ ಓದುತ್ತಾನೆ: 1896ರಲ್ಲಿ ಮುಂಬೈಯಲ್ಲಿ ಹುಟ್ಟಿದರು, 1958ರಲ್ಲಿ ಪದ್ಮಭೂಷಣ ಬಂತು, 1976ರಲ್ಲಿ ಪದ್ಮವಿಭೂಷಣ ಬಂತು, 1985ರಲ್ಲಿ ರಾಜ್ಯಸಭೆಗೆ ಹೋದರು, 1987ರಲ್ಲಿ ತೀರಿಕೊಂಡರು. ಚಪ್ಪಾಳೆ. ಸಂಜೆ ಹೊತ್ತಿಗೆ ಅದರಲ್ಲಿ ಒಂದು ಇಸವಿಯೂ ಯಾರಿಗೂ ನೆನಪಿರುವುದಿಲ್ಲ.

ನನಗೆ ಬೇಕಿರುವುದು ಬೇರೆ. ಆ ಮನುಷ್ಯ ಮನೆಯಲ್ಲಿ ಹೇಗಿದ್ದರು, ಯಾರು ಸಾಕಿದರು, ಹೆಂಡತಿ ಯಾರು, ಹಕ್ಕಿ ಹುಚ್ಚು ಹಿಡಿದವನನ್ನು ಮನೆಯವರು ಹೇಗೆ ಸಹಿಸಿಕೊಂಡರು, ಇಂಥದ್ದು. ಇದನ್ನು ಕೇಳೋದಕ್ಕೆ ಕಾರಣ ನಮ್ಮ ಏಳನೇ ಕ್ಲಾಸಿನ ಒಂದು ಹುಡುಗಿ. ಹಕ್ಕಿ ನೋಡುವುದನ್ನೇ ಕೆಲಸ ಮಾಡಿಕೊಂಡ ವಿಜ್ಞಾನಿ ಇದ್ದರು ಅಂತ ನಾನು ಹೇಳಿದ ಕೂಡಲೇ ಅವಳು ಕೇಳಿದಳು: "ಸಾರ್, ಹಂಗೆ ಹಕ್ಕಿ ನೋಡ್ತಾ ಕೂತ್ರೆ ಮನೇಲಿ ಬೈಯಲ್ವಾ?" ಅವಳ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಇದೆ, ದನ ಇದೆ, ಚಿಕ್ಕ ತಮ್ಮ ಇದ್ದಾನೆ. ಅವಳ ಪ್ರಶ್ನೆ ನಿಜವಾದ ಪ್ರಶ್ನೆ. ಅದಕ್ಕೆ ನಿಜವಾದ ಉತ್ತರ ಕೊಡಬೇಕು ಅಂತ ನನಗೆ ಅನ್ನಿಸಿದೆ.

ಜೊತೆಗೆ ಇನ್ನೆರಡು ವಿಷಯ. ಅವರಿಗೂ ನಮ್ಮ ಶಿವಮೊಗ್ಗ ಕಡೆಗೂ ಏನಾದರೂ ಸಂಬಂಧ ಇದೆಯಾ? ಆಮೇಲೆ ಅವತ್ತು ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಮಂಡಗದ್ದೆ ಪಕ್ಷಿಧಾಮಕ್ಕೆ ಬಸ್ ಮಾಡಿಸೋಣ ಅಂತ ಶಾಲೆಯ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಹೇಳುತ್ತಿದ್ದಾರೆ.

ತೀರ್ಥಹಳ್ಳಿ ಅಕ್ಕ

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಸಲೀಂ ಅಲಿ ಅವರ ಬಗ್ಗೆ ನಾನು ಓದಿದ್ದರಲ್ಲಿ ಮನಸ್ಸಿಗೆ ಜಾಸ್ತಿ ಹತ್ತಿರ ಆಗಿರುವುದೇ ಈ ಭಾಗ.

ಮೊದಲು ಇದನ್ನು ಹೇಳಿ: ಅವರು ತಬ್ಬಲಿ. ಮನೆಗೆ ಹತ್ತನೇ ಮಗು, ಎಲ್ಲರಿಗಿಂತ ಚಿಕ್ಕವರು. ಒಂದು ವರ್ಷ ತುಂಬುವ ಹೊತ್ತಿಗೆ ಅಪ್ಪ ಹೋದರು, ಮೂರು ವರ್ಷಕ್ಕೆ ಅಮ್ಮನೂ ಹೋದರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ. ಮುಂಬೈಯ ಖೇತವಾಡಿಯಲ್ಲಿ ಅವರ ಮನೆ. ಮಾವನಿಗೆ ಶಿಕಾರಿ ಅಂದರೆ ಇಷ್ಟ. ಹುಡುಗನ ಕೈಗೆ ಒಂದು ಏರ್‌ಗನ್ ಬಂತು, ಗುಬ್ಬಿ ಹೊಡೆಯುವುದು ಆಟವಾಯಿತು.

ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಮನೆಯ ಸುತ್ತ ಕಾಣುವ ಗುಬ್ಬಿಯ ಹಾಗೆ ಇರಲಿಲ್ಲ. ಇದು ಯಾವ ಹಕ್ಕಿ ಅಂತ ಹುಡುಗ ಮಾವನನ್ನು ಕೇಳಿದ. ಮಾವನಿಗೆ ಗೊತ್ತಿರಲಿಲ್ಲ. ಇಲ್ಲಿ ಮಕ್ಕಳಿಗೆ ಸ್ವಲ್ಪ ನಿಲ್ಲಿಸಿ ಹೇಳಿ ಮೇಷ್ಟ್ರೇ, ಯಾಕಂದರೆ ಇಡೀ ಕಥೆ ತಿರುಗುವುದೇ ಇಲ್ಲಿ. ಮಾವ "ಹೋಗೋ, ಓದು ಹೋಗು" ಅನ್ನಲಿಲ್ಲ. ಗೊತ್ತಿರುವವರ ಹತ್ತಿರ ಹೋಗು ಅಂತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಅನ್ನುವವರಿಗೆ ಪರಿಚಯದ ಪತ್ರ ಬರೆದುಕೊಟ್ಟರು. ಆ ಕಾಲದಲ್ಲಿ ದೊಡ್ಡ ಸಾಹೇಬರ ಮುಂದೆ ಒಬ್ಬ ಪುಟ್ಟ ಹುಡುಗ ಸತ್ತ ಗುಬ್ಬಿ ಹಿಡಿದು ನಿಲ್ಲುವುದು ಸಣ್ಣ ವಿಷಯವಲ್ಲ. ಮಿಲಾರ್ಡ್ ಅದು ಹಳದಿ ಕತ್ತಿನ ಗುಬ್ಬಿ ಅಂತ ಗುರುತು ಹಿಡಿದರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮಲ್ಲಿದ್ದ, ಹತ್ತಿ ತುಂಬಿ ಇಟ್ಟ ಹಕ್ಕಿಗಳನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು.

ಅಂದರೆ ಅವಳ ಪ್ರಶ್ನೆಗೆ ಮೊದಲ ಉತ್ತರ ಇದು: ಬೈಯಲಿಲ್ಲ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕಳಿಸುವಷ್ಟು ದೊಡ್ಡ ಮನಸ್ಸು ಆ ಮಾವನಿಗಿತ್ತು.

ಓದಿನಲ್ಲಿ ಅವರು ಅಷ್ಟಕ್ಕಷ್ಟೇ. ಕಾಲೇಜಿನ ಮೊದಲ ವರ್ಷವೇ ಕಷ್ಟವಾಗಿ ಬಿಟ್ಟು ಬರ್ಮಾದ ತವಾಯ್‌ಗೆ ಹೋದರು, ಮನೆಯವರ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು. ಸುತ್ತ ಕಾಡು ಇದ್ದ ಕಡೆ ಈ ಮನುಷ್ಯನಿಗೆ ಲೆಕ್ಕದ ಪುಸ್ತಕ ಹಿಡಿಸುತ್ತದಾ ಹೇಳಿ. ವಾಪಸ್ ಬಂದರು. ಆಮೇಲೂ ವಿಶ್ವವಿದ್ಯಾಲಯದ ಡಿಗ್ರಿ ಕೈಗೆ ಬರಲೇ ಇಲ್ಲ. ಡಿಗ್ರಿ ಇಲ್ಲ ಅಂತ ಸರ್ಕಾರದ ಪ್ರಾಣಿ ಸರ್ವೇಕ್ಷಣೆಯ ಕೆಲಸವೂ ತಪ್ಪಿತು.

ಮದುವೆ ಆಗಿದ್ದು 1918ರ ಡಿಸೆಂಬರ್‌ನಲ್ಲಿ. ಹೆಂಡತಿ ತೆಹ್ಮಿನಾ, ದೂರದ ಸಂಬಂಧಿ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ ಸಂಬಳ. ಆ ಕಾಲಕ್ಕೆ ಅದು ಒಳ್ಳೇ ಸಂಬಳ. ಆದರೆ ಅವರು ಜಾಸ್ತಿ ಕಲಿಯಬೇಕು ಅಂತ ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ ಅನ್ನುವ ದೊಡ್ಡ ಪಕ್ಷಿ ವಿಜ್ಞಾನಿಯ ಹತ್ತಿರ ಕಲಿತು 1930ರಲ್ಲಿ ಬಂದು ನೋಡಿದರೆ, ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದು ಹಾಕಿದ್ದರು.

ವಯಸ್ಸು ಮೂವತ್ತು ದಾಟಿದೆ, ಕೆಲಸ ಇಲ್ಲ, ಗೊತ್ತಿರುವುದು ಹಕ್ಕಿ ಒಂದೇ. ನಮ್ಮ ಕಡೆ ಯಾವ ಮನೆಯಲ್ಲಾದರೂ ಇಂಥ ಹೊತ್ತಿನಲ್ಲಿ ಹೆಂಡತಿ, ಅತ್ತೆ, ಮಾವ ಎಲ್ಲ ಕೂತು ಪಂಚಾಯಿತಿ ಮಾಡುತ್ತಾರೆ ಅಲ್ವಾ? ತೆಹ್ಮಿನಾ ಹಾಗೆ ಮಾಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಿಹಿಮ್ ಅನ್ನುವ ಕಡಲ ತೀರದ ಹಳ್ಳಿಗೆ ಹೋದರು. ಗೀಜಗ ಹಕ್ಕಿ ಗೂಡು ಕಟ್ಟುವುದನ್ನು ನೋಡಿ ಬರೆದ ಕೆಲಸ ಅಲ್ಲೇ ಆಗಿದ್ದು, ಅದರ ಬಗ್ಗೆ ಇಲ್ಲಿ ಯಾರಾದರೂ ಸರಿಯಾಗಿ ಬರೆಯಿರಿ. ಆಮೇಲೆ ಸಲೀಂ ಅಲಿ ರಾಜರ ಸಂಸ್ಥಾನಗಳಿಗೆ ಒಂದು ಮಾತು ಹೇಳಿದರು: ನನಗೆ ಸಂಬಳ ಬೇಡ, ಓಡಾಟ ಮತ್ತು ಡೇರೆಯ ಖರ್ಚು ಕೊಡಿ, ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ. ಹೈದರಾಬಾದ್ ಆಯಿತು, ತಿರುವಾಂಕೂರು, ಕೊಚ್ಚಿ ಆಯಿತು. ತೆಹ್ಮಿನಾ ಕಾಡಿನ ಡೇರೆಗಳಲ್ಲಿ ಅವರ ಜೊತೆಗಿದ್ದರು. ಪೇಟೆಯಲ್ಲಿ ಅನುಕೂಲವಾಗಿ ಬೆಳೆದ ಹೆಣ್ಣುಮಗಳು, ಸಂಬಳವಿಲ್ಲದ ಗಂಡನ ಜೊತೆ ಊರಿಂದ ಊರಿಗೆ ಡೇರೆ ಕಿತ್ತು ಹಾಕಿಕೊಂಡು ಹೋಗುವುದು ಅಂದರೆ ಏನು ಅಂತ ಯೋಚನೆ ಮಾಡಿ. ಇಡೀ ದೇಶ ಸಲೀಂ ಅಲಿ ಅನ್ನುತ್ತದೆ. ತೆಹ್ಮಿನಾ ಹೆಸರು ಎಷ್ಟು ಜನಕ್ಕೆ ಗೊತ್ತು? ನಿಮ್ಮ ಮಕ್ಕಳಿಗಾದರೂ ಆ ಹೆಸರು ಹೇಳಿ.

1939ರಲ್ಲಿ ಒಂದು ಚಿಕ್ಕ ಆಪರೇಷನ್ ಆದಮೇಲೆ ತೆಹ್ಮಿನಾ ತೀರಿಹೋದರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅವರ ಅಕ್ಕ ಕಮೂ ಮತ್ತು ಭಾವ ಹಸನ್ ಅಲಿ ತಮ್ಮ ಮನೆಗೆ ಕರೆದುಕೊಂಡರು. ಚಿಕ್ಕವರಿದ್ದಾಗ ಮಾವನ ಮನೆ, ದೊಡ್ಡವರಾದ ಮೇಲೆ ಅಕ್ಕನ ಮನೆ. ಈ ಮನೆಗಳಿಲ್ಲದಿದ್ದರೆ ಆ ವಿಜ್ಞಾನಿ ನಮಗೆ ಸಿಗುತ್ತಲೇ ಇರಲಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ 1939–40ರದ್ದು. ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ್ದೇ ಜಿಲ್ಲೆ. ಅಂದರೆ ಹೆಂಡತಿ ಹೋಗಿ ಹೆಚ್ಚು ಕಾಲ ಆಗಿರದಾಗ ಆ ಮನುಷ್ಯ ಡೇರೆ ಹೊತ್ತು ನಮ್ಮ ರಾಜ್ಯಕ್ಕೆ ಬಂದಿದ್ದರು. ಈ ಎರಡು ಇಸವಿಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನಗೆ ಆ ಸಮೀಕ್ಷೆ ಬರೀ ಹಕ್ಕಿಗಳ ಪಟ್ಟಿ ಅಂತ ಅನ್ನಿಸುವುದಿಲ್ಲ. ಅದೇ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿ ಮಹಾರಾಜರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು.

ಸಾಗರ್ ರೈಡರ್

ಅಕ್ಕ ಬರೆದದ್ದು ಓದಿ ಕಣ್ಣು ತುಂಬಿ ಬಂತು. ಗಂಡು ಹುಡುಗರು ಗಮನ ಕೊಡದೇ ಇದ್ದರೆ ಇದನ್ನು ಹೇಳಿ ಮೇಷ್ಟ್ರೇ: ಸಲೀಂ ಅಲಿಗೆ ಬೈಕ್ ಅಂದರೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಪಕ್ಷಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ ಇತ್ತು. ಇವರು ಮುಂಬೈಯಿಂದ ತಮ್ಮ ಸನ್‌ಬೀಮ್ ಬೈಕನ್ನು ಹಡಗಿಗೆ ಹತ್ತಿಸಿ ಯುರೋಪಿಗೆ ಒಯ್ದು, ಅಲ್ಲಿ ಅದನ್ನೇ ಓಡಿಸಿಕೊಂಡು ಸಮ್ಮೇಳನಕ್ಕೆ ಹೋದರು. ಆಗ ವಯಸ್ಸು ಐವತ್ತರ ಮೇಲೆ. ಸಣ್ಣಗೆ, ತೆಳ್ಳಗೆ ಇದ್ದ ಮನುಷ್ಯ. ಜೋಗದ ರಸ್ತೆಯಲ್ಲಿ ಬೈಕ್ ಓಡಿಸುವ ನಮಗೆ ಅವರು ಗುರು.

ನಿವೃತ್ತ ಆರೋಗ್ಯ ಸಹಾಯಕ

ಮೇಷ್ಟ್ರೇ, ನೀವು ಸೊರಬದವರು ಅಂತೀರಿ, ಆದರೆ ಶಿವಮೊಗ್ಗಕ್ಕೂ ಅವರಿಗೂ ಏನು ಸಂಬಂಧ ಅಂತ ಕೇಳುತ್ತೀರಿ! ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡೇ ಆ ಸಂಬಂಧ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಕಾಡಿಗೆ ಹೋದ ಜನ ಜ್ವರ ಬಂದು ಮಲಗಿದರು. ಅದೇ ನಮ್ಮ ಮಂಗನ ಕಾಯಿಲೆ. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ ನಮ್ಮ ಊರಿನ ಹೆಸರೇ ಇದೆ, ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು. ಉಣುಗು ಕಚ್ಚಿ ಬರುತ್ತದೆ ಅಂತ ಗೊತ್ತಾಯಿತು. ಆದರೆ ಅವರಿಗೆ ಒಂದು ತಲೆನೋವು ಉಳಿಯಿತು: ಈ ವೈರಸ್ ರಷ್ಯಾ, ಸೈಬೀರಿಯಾ ಕಡೆಯ ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಅಷ್ಟು ದೂರದ್ದು ಸೊರಬದ ಕಾಡಿಗೆ ಹೇಗೆ ಬಂತು? ಚಳಿಗಾಲಕ್ಕೆ ಉತ್ತರದಿಂದ ನಮ್ಮ ಕಡೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದಾ?

ಇದನ್ನು ಹುಡುಕಬೇಕು ಅಂದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಬೇಕಲ್ಲ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೈಜೋಡಿಸಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಹಕ್ಕಿಗಳ ವಲಸೆಯ ದೊಡ್ಡ ಅಧ್ಯಯನ ಶುರುವಾಯಿತು. ಬಲೆ ಹಾಕಿ ಹಕ್ಕಿ ಹಿಡಿಯುವುದು, ಮೈಮೇಲಿನ ಉಣುಗು ತೆಗೆದಿಡುವುದು, ಕಾಲಿಗೆ ತೆಳ್ಳನೆಯ ಲೋಹದ ಉಂಗುರ ತೊಡಿಸಿ ಹಾರಿಬಿಡುವುದು. ಉಂಗುರದ ಮೇಲೆ ಒಂದು ನಂಬರು, ಸಿಕ್ಕಿದರೆ ಬಾಂಬೆಯ ಸೊಸೈಟಿಗೆ ತಿಳಿಸಿ ಅನ್ನುವ ಸಾಲು. ಎಷ್ಟೋ ದೂರದಲ್ಲಿ ಯಾರಿಗೋ ಆ ಹಕ್ಕಿ ಸಿಕ್ಕಿ ಅವರು ಪತ್ರ ಬರೆದರೆ ಆಗ ದಾರಿ ಗೊತ್ತಾಗುತ್ತಿತ್ತು.

ಕೊನೆಗೆ ಹಕ್ಕಿಗಳೇ ಮಂಗನ ಕಾಯಿಲೆ ತಂದವು ಅಂತ ಸಾಬೀತಾಗಲಿಲ್ಲ. ಆದರೆ ನಮ್ಮ ದೇಶಕ್ಕೆ ಬರುವ ಹಕ್ಕಿಗಳ ದಾರಿ ಬಗ್ಗೆ ಇವತ್ತು ಗೊತ್ತಿರುವುದಕ್ಕೆ ಆ ಕೆಲಸ ದೊಡ್ಡ ತಳಪಾಯ. ಅಮೆರಿಕದ ದುಡ್ಡು ಸೇರಿದೆ ಅಂತ ಅದರ ಮೇಲೆ ರಾಜಕೀಯದ ಅನುಮಾನವೂ ಬಂತು. ಅದು ಮಕ್ಕಳಿಗೆ ಬೇಡ, ಬಿಡಿ. ನಮ್ಮ ಊರ ಕಾಡಿನ ಒಂದು ಜ್ವರದಿಂದ ಸೈಬೀರಿಯಾದ ಹಕ್ಕಿಯ ತನಕ ಪ್ರಶ್ನೆ ಹೋಯಿತು, ಅದನ್ನು ಹುಡುಕಿದವರಲ್ಲಿ ಸಲೀಂ ಅಲಿ ಇದ್ದರು. ಇದನ್ನು ಸೊರಬದ ಮಕ್ಕಳಿಗೆ ಹೇಳದೆ ಇನ್ಯಾರಿಗೆ ಹೇಳುತ್ತೀರಿ?

ನನ್ನ ನೌಕರಿಯಲ್ಲಿ ಕಾಡಂಚಿನ ಮನೆಗಳಿಗೆ ತಿರುಗಿದವನು ನಾನು. ಈ ಕಾಯಿಲೆ ಎಂಥದ್ದು ಅಂತ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಒಂದು ಕಿವಿಮಾತು: ನವೆಂಬರ್ ಹೊತ್ತಿಗೆ ಸಣ್ಣ ಉಣುಗುಗಳ ಕಾಲ ಶುರುವಾಗುತ್ತದೆ, ಬೇಸಿಗೆ ಮುಗಿಯುವ ತನಕ ಇರುತ್ತದೆ. ಮಕ್ಕಳನ್ನು ಕಾಡಿನೊಳಗೆ, ದರಗಿನ ಮೇಲೆ ಕೂರಿಸಬೇಡಿ. ಕಾಡಂಚಿಗೆ ಹೋಗಲೇಬೇಕು ಅಂದರೆ ಉದ್ದ ಕೈಯ ಅಂಗಿ, ಪ್ಯಾಂಟು ಹಾಕಿಸಿ. ಆಸ್ಪತ್ರೆಯಲ್ಲಿ ಡೆಪಾ ಎಣ್ಣೆ (ಉಣುಗು ಹತ್ತದ ಹಾಗೆ ಹಚ್ಚುವ ಎಣ್ಣೆ) ಕೇಳಿ ತಂದು ಕೈಕಾಲಿಗೆ ಹಚ್ಚಿಸಿ. ಮನೆಗೆ ಹೋದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹೊಸನಗರ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ವಿಷಯ ನನಗೆ ಸರಿ ಹೋಗುವುದಿಲ್ಲ. ಸಲೀಂ ಅಲಿ ಹಕ್ಕಿಗಳನ್ನು ಗುಂಡು ಹೊಡೆದು ಸಂಗ್ರಹ ಮಾಡಿದವರು. ಸಮೀಕ್ಷೆಗಳಲ್ಲೂ ಅದು ನಡೆದಿದೆ. ಪ್ರಕೃತಿಯನ್ನು ಪ್ರೀತಿಸಿದವರು ಅಂತ ಮಕ್ಕಳಿಗೆ ಹೇಳಿ, ಈ ಭಾಗ ಮುಚ್ಚಿಟ್ಟರೆ ಅದು ಸರಿನಾ? ನಮ್ಮ ಕಡೆ ಹುಡುಗರ ಕೈಯಲ್ಲಿ ಇನ್ನೂ ಕವಣೆ ಇದೆ.

ತೀರ್ಥಹಳ್ಳಿ ಅಕ್ಕ

ಮುಚ್ಚಿಡಬಾರದು, ಒಪ್ಪಿದೆ. ನಾನು ಮೇಲೆ ಏರ್‌ಗನ್ ವಿಷಯ ಬರೆದದ್ದು ಅದಕ್ಕೇ. ಆ ಕಾಲದಲ್ಲಿ ಒಳ್ಳೇ ಕ್ಯಾಮೆರಾ ಇರಲಿಲ್ಲ, ಹಕ್ಕಿ ಗುರುತಿಸುವ ಪುಸ್ತಕಗಳೂ ಕಡಿಮೆ. ಸುಲಭವಾಗಿ ಸಿಗುವ ಪುಸ್ತಕ ಬರೆದವರೇ ಇವರು, ಅದು ಬಂದಿದ್ದು 1941ರಲ್ಲಿ. ಒಂದು ಕಾಡಿನಲ್ಲಿ ಯಾವ ಹಕ್ಕಿ ಇದೆ ಅಂತ ಖಚಿತವಾಗಿ ಹೇಳಬೇಕಾದರೆ ಒಂದೆರಡನ್ನು ಹೊಡೆದು, ಅಳತೆ ತೆಗೆದು, ಚರ್ಮ ಕಾಪಿಡುವುದು ಆಗಿನ ಪದ್ಧತಿ. ಅದು ಬೇಕಾದದ್ದೇ ಅಂತ ಅವರು ಕೊನೆ ತನಕ ಹೇಳುತ್ತಿದ್ದರು. ಬರೀ ಅಯ್ಯೋ ಪಾಪ ಅನ್ನುವುದರಿಂದ ಹಕ್ಕಿ ಉಳಿಯುವುದಿಲ್ಲ, ಅದರ ಬಗ್ಗೆ ಸರಿಯಾಗಿ ತಿಳಿದಿರಬೇಕು ಅನ್ನುವುದು ಅವರ ನಿಲುವು.

ಆದರೆ ಅವರ ಆಸಕ್ತಿ ಪೆಟ್ಟಿಗೆಯಲ್ಲಿಟ್ಟ ಚರ್ಮದಲ್ಲಿ ಇರಲಿಲ್ಲ. ಬದುಕಿರುವ ಹಕ್ಕಿ ಏನು ತಿನ್ನುತ್ತದೆ, ಹೇಗೆ ಗೂಡು ಕಟ್ಟುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ, ಅದನ್ನೇ ಅವರು ಜೀವಮಾನ ಪೂರ್ತಿ ನೋಡಿದ್ದು. ಭರತಪುರದ ಕೆರೆ ಉಳಿಸುವುದಕ್ಕೆ, ಕೇರಳದ ಸೈಲೆಂಟ್ ವ್ಯಾಲಿ ಕಾಡು ಮುಳುಗದಂತೆ ತಡೆಯುವುದಕ್ಕೆ ದನಿ ಎತ್ತಿದವರಲ್ಲಿ ಅವರೂ ಒಬ್ಬರು. ಮಕ್ಕಳಿಗೆ ಎರಡನ್ನೂ ಹೇಳಿ. ಕವಣೆ ಹುಡುಗನಿಗೂ ಹೇಳಿ: ಹೊಡೆದ ಗುಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ಇದು ಯಾವುದು ಅಂತ ಕೇಳಿದ್ದಕ್ಕೆ ಅವರು ಸಲೀಂ ಅಲಿ ಆದರು. ನಿನಗೆ ಈಗ ಹೊಡೆಯದೇ ಕೇಳುವುದಕ್ಕೆ ಪುಸ್ತಕ ಇದೆ, ಮೊಬೈಲ್ ಇದೆ, ಮೇಷ್ಟ್ರು ಇದ್ದಾರೆ.

ಹೊಸನಗರ

ಈ ಕೊನೆಯ ಮಾತು ಸರಿ ಅನ್ನಿಸಿತು ಅಕ್ಕಾ. ಹಾಗೇ ಹೇಳಲಿ.

ಆನವಟ್ಟಿ ಗದ್ದೆಯವನು

ಗೀಜಗದ ಬಗ್ಗೆ ಯಾರಾದರೂ ಬರೆಯಿರಿ ಅಂದಿರಲ್ಲ, ನಾನು ಬರೆಯುತ್ತೇನೆ. ನಮ್ಮ ಗದ್ದೆ ಪಕ್ಕದ ಕೆರೆ ಏರಿಯ ಮೇಲೆ ಈಚಲು ಮರ ಇವೆ, ಮಳೆಗಾಲದಲ್ಲಿ ಪ್ರತಿ ವರ್ಷ ಅಲ್ಲಿ ಗೀಜಗಗಳ ಸಂತೆ. ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಸಲೀಂ ಅಲಿ ಕಿಹಿಮ್‌ನಲ್ಲಿ ಕಂಡುಕೊಂಡದ್ದನ್ನು ಓದಿದ ಮೇಲೆ ಮತ್ತೆ ಅದೇ ಮರದ ಕೆಳಗೆ ನಿಂತಾಗ ಎಲ್ಲ ಬೇರೆಯೇ ಕಂಡಿತು.

ಗೂಡು ಕಟ್ಟುವುದು ಗಂಡು. ಮಳೆ ಶುರುವಾದರೆ ಅದರ ನೆತ್ತಿ ಅರಿಶಿನ ಹಚ್ಚಿದ ಹಾಗೆ ಆಗುತ್ತದೆ. ಬತ್ತದ ಎಲೆಯ ಅಂಚಿಗೆ ಕೊಕ್ಕಿನಲ್ಲಿ ಒಂದು ಗೀರು ಹಾಕಿ, ತುದಿ ಕಚ್ಚಿಕೊಂಡು ಸೀದಾ ಮೇಲಕ್ಕೆ ಹಾರುತ್ತದೆ. ಎಲೆ ಉದ್ದಕ್ಕೆ ಸೀಳಿಕೊಂಡು ದಾರದ ಹಾಗೆ ಬರುತ್ತದೆ. ಆ ಎಳೆ ತಂದು ಗರಿಗೆ ಸುತ್ತಿ, ಗಂಟು ಹಾಕಿ, ಹೆಣೆಯುತ್ತಾ ಹೋಗುತ್ತದೆ. ನೂರಾರು ಸಲ ಹೋಗಿ ಬರುತ್ತದೆ.

ಈಗ ಮುಖ್ಯವಾದದ್ದು ಕೇಳಿ. ಗೂಡು ಪೂರ್ತಿ ಮಾಡುವುದಿಲ್ಲ. ಅರ್ಧಕ್ಕೆ, ಕೆಳಗೆ ತೆರೆದಿರುವ ಟೋಪಿಯ ಆಕಾರಕ್ಕೆ ಬಂದಾಗ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಗುಂಪಾಗಿ ಬರುತ್ತವೆ. ಗಂಡುಗಳೆಲ್ಲ ತಮ್ಮ ತಮ್ಮ ಗೂಡಿಗೆ ನೇತಾಡಿಕೊಂಡು ರೆಕ್ಕೆ ಬಡಿದು ಚೀರಾಡುತ್ತವೆ. ಹೆಣ್ಣು ಒಳಗೆ ಹೋಗಿ, ಎಳೆ ಎಳೆದು, ಜಗ್ಗಿ ನೋಡುತ್ತದೆ. ಹಿಡಿಸಲಿಲ್ಲ ಅಂದರೆ ಮುಂದಿನ ಗೂಡಿಗೆ. ಹಿಡಿಸಿತೋ, ಅಲ್ಲೇ ಸಂಸಾರ. ಆಮೇಲೆ ಗಂಡು ಮೊಟ್ಟೆ ಇಡುವ ಜಾಗ ಮುಚ್ಚಿ, ಕೆಳಗೆ ಉದ್ದ ಕೊಳವೆಯ ಬಾಗಿಲು ಇಳಿಸಿ ಗೂಡು ಮುಗಿಸುತ್ತದೆ. ಹೆಣ್ಣು ಕಾವಿಗೆ ಕೂತರೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡುತ್ತದೆ, ಇನ್ನೊಂದು ಹೆಣ್ಣಿಗೆ.

ಇದನ್ನು ಬಿಡಿಸಿ ತೋರಿಸಿದವರು ಸಲೀಂ ಅಲಿ, 1930ರ ಆ ಕೆಲಸವಿಲ್ಲದ ದಿನಗಳಲ್ಲಿ. ಅಲ್ಲಿ ಬೇಕಾದದ್ದು ಬರೀ ತಾಳ್ಮೆ. ಯಾವ ಗೂಡಿಗೆ ಯಾವ ಹಕ್ಕಿ ಬಂತು, ಯಾವಾಗ ಹೋಯಿತು ಅಂತ ದಿನಾ ಬರೆದಿಟ್ಟುಕೊಳ್ಳುವುದು. ನಮ್ಮ ಅಜ್ಜಿ ಗೀಜಗ ಮಿಂಚುಹುಳ ತಂದು ಹಸಿ ಮಣ್ಣಿಗೆ ಅಂಟಿಸಿ ಗೂಡಿಗೆ ದೀಪ ಇಡುತ್ತದೆ ಅಂತ ಹೇಳುತ್ತಿದ್ದರು. ಮಣ್ಣು ಅಂಟಿಸುವುದು ನಿಜ, ಗೂಡು ಒಡೆದು ನೋಡಿದರೆ ಒಳಗೆ ಮಣ್ಣಿನ ಉಂಡೆ ಸಿಗುತ್ತದೆ. ದೀಪ ಮಾತ್ರ ಕಥೆ. ಆದರೂ ಮಕ್ಕಳಿಗೆ ಆ ಕಥೆಯನ್ನೂ ಹೇಳಿ, ಕೇಳುವುದಕ್ಕೆ ಚಂದ.

ಸೊರಬದ ಮೇಷ್ಟ್ರು

ಏನು ಹೇಳಲಿ, ಎಲ್ಲರಿಗೂ ಕೈಮುಗಿದೆ. ಕ್ಯಾಸನೂರಿನ ವಿಷಯ ನನಗೆ ಹೊಸದು. ನಮ್ಮ ಶಾಲೆಯಲ್ಲಿ ಎಷ್ಟೋ ಮಕ್ಕಳ ಮನೆಯಲ್ಲಿ ಮಂಗನ ಕಾಯಿಲೆಯ ಕಥೆ ಇದೆ, ಅಜ್ಜನಿಗೆ ಬಂದಿತ್ತು, ದೊಡ್ಡಪ್ಪನಿಗೆ ಬಂದಿತ್ತು ಅಂತ. ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ. ಆಮೇಲೆ ಮಾವನ ಪತ್ರ, ತೆಹ್ಮಿನಾ, ಗೀಜಗ. ಪದ್ಮ ಪ್ರಶಸ್ತಿಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದರೆ ಸಾಕು.

ಪ್ರವಾಸದ ಬಗ್ಗೆ ಯಾರೂ ಹೇಳಲಿಲ್ಲ. ಮಂಡಗದ್ದೆಗೆ ಹೋಗಲಾ, ಗುಡವಿ ಪಕ್ಷಿಧಾಮಕ್ಕೆ ಹೋಗಲಾ? ಬೈನಾಕ್ಯುಲರ್ ಶಾಲೆಯಲ್ಲಿ ಒಂದೂ ಇಲ್ಲ.

ತುಂಗಾ ದಂಡೆ

ನಾನು ಮಂಡಗದ್ದೆ ಹತ್ತಿರದವನು, ಹೇಳುತ್ತೇನೆ. ನವೆಂಬರ್‌ನಲ್ಲಿ ಮಕ್ಕಳನ್ನು ಇಲ್ಲಿಗೆ ಕರೆತಂದು ನಿರಾಸೆ ಮಾಡಬೇಡಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುವಾಗ ರಸ್ತೆ ಪಕ್ಕದ ಅಟ್ಟಣಿಗೆ ಮೇಲೆ ನಿಂತರೆ ಮರ ಪೂರ್ತಿ ಬಿಳಿ. ನೀವು ಬರುವ ಹೊತ್ತಿಗೆ ಮರಿ ಹಾರಿ ಎಲ್ಲ ಖಾಲಿ ಆಗಿರುತ್ತದೆ. ಗುಡವಿ ನಿಮ್ಮದೇ ತಾಲ್ಲೂಕು, ಅಲ್ಲಿ ಕೆರೆ ಇದೆ. ನೀರಿದ್ದರೆ ಏನಾದರೂ ಕಂಡೀತು, ಮೊದಲು ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ಕೇಳಿ ಹೊರಡಿ.

ನನ್ನನ್ನು ಕೇಳಿದರೆ ಬಸ್ ಬೇಡವೇ ಬೇಡ. ಆ ದುಡ್ಡಿಗೆ ಒಂದು ಬೈನಾಕ್ಯುಲರ್ ತನ್ನಿ, ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು, ಮಕ್ಕಳ ಕೈಗೆ ಅದಕ್ಕಿಂತ ಜಾಸ್ತಿಯದು ಅಲುಗಾಡುತ್ತದೆ. ಬೆಳಿಗ್ಗೆ ಏಳಕ್ಕೆ ಊರ ಹಳ್ಳದ ಪಕ್ಕ, ಗದ್ದೆ ಬದುವಿನ ಮೇಲೆ ನಿಲ್ಲಿಸಿ. ನವೆಂಬರ್‌ನಲ್ಲಿ ನಮ್ಮ ಕಡೆ ಹಳ್ಳಗಳಲ್ಲಿ ಬಾಲ ಕುಣಿಸುವ ಬೂದು ಕುಂಡೆಕುಸ್ಕ ಇರುತ್ತದೆ. ಹಿಮಾಲಯದಿಂದಲೋ ಅದರಾಚೆಯಿಂದಲೋ ಚಳಿಗೆ ಇಳಿದು ಬಂದಿರುವ ಹಕ್ಕಿ ಅದು. ಆರೋಗ್ಯ ಇಲಾಖೆಯ ಅಣ್ಣ ಬರೆದ ಉಂಗುರದ ಕಥೆ ಹೇಳುವುದಕ್ಕೆ ಅದಕ್ಕಿಂತ ಒಳ್ಳೇ ಹಕ್ಕಿ ಸಿಗುವುದಿಲ್ಲ. ಬರುವ ದಾರಿಯಲ್ಲಿ ಈಚಲು ಮರ ಇದ್ದರೆ ಗೀಜಗದ ಹಳೇ ಗೂಡು ನೇತಾಡುತ್ತಿರುತ್ತವೆ. ಕೆಳಗೆ ಬಿದ್ದದ್ದು ಸಿಕ್ಕರೆ ಎತ್ತಿಕೊಳ್ಳಿ, ಮೇಲಿರುವುದನ್ನು ಕೀಳಬೇಡಿ. ಅರ್ಧಕ್ಕೆ ನಿಂತ ಟೋಪಿ ಗೂಡು ಎಷ್ಟು, ಕೊಳವೆ ಇಳಿಸಿದ್ದು ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಲಿ. ಯಾವ ಗಂಡಿನ ಗೂಡು ಹೆಣ್ಣಿಗೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಆ ಮರವೇ ಹೇಳುತ್ತದೆ.

ಪ್ರತಿಯೊಬ್ಬರಿಗೂ ಒಂದು ಪುಸ್ತಕ ಕೊಡಿ. ತಾರೀಕು, ಹೊತ್ತು, ಜಾಗ, ಹಕ್ಕಿ, ಎಷ್ಟಿದ್ದವು, ಏನು ಮಾಡುತ್ತಿದ್ದವು. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಕೊಕ್ಕು, ಬಾಲ ಬರೆಯಲಿ, ಮನೆಯಲ್ಲಿ ಏನಂತ ಕರೆಯುತ್ತಾರೋ ಕೇಳಿಕೊಂಡು ಬರಲಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಮಾತ್ರ ಮಾಡಿಸಬೇಡಿ, ಹಕ್ಕಿಗೆ ತೊಂದರೆ.

ಇನ್ನು ಆ ಹುಡುಗಿ. ಅವಳ ಅಪ್ಪ ಅಮ್ಮನನ್ನೂ ಅವತ್ತು ಕರೆಯಿರಿ ಮೇಷ್ಟ್ರೇ. ಅಡಿಕೆ ಕೊಯ್ಲಿನ ಕಾಲ, ಅವರಿಗೆ ಬಿಡುವಿಲ್ಲ ಅಂತ ಗೊತ್ತು. ಆದರೂ ಬೆಳಿಗ್ಗೆ ಒಂದು ಗಂಟೆ ಬರಲಿ. ಆ ಸೋದರಮಾವನ ಕಥೆ ಮಕ್ಕಳಿಗಿಂತ ಜಾಸ್ತಿ ಅವರು ಕೇಳಬೇಕಾದದ್ದು.

ಸೊರಬದ ಮೇಷ್ಟ್ರು

ಆಯ್ತು, ಬಸ್ ಕ್ಯಾನ್ಸಲ್. ಎಸ್‌ಡಿಎಂಸಿಯವರಿಗೆ ಇವತ್ತು ಸಂಜೆಯೇ ಹೇಳುತ್ತೇನೆ. ಹುಡುಗಿಯ ಮನೆಗೆ ನಾನೇ ಹೋಗಿ ಕರೆಯುತ್ತೇನೆ. ಆನವಟ್ಟಿಯ ಅಣ್ಣ, ನಿಮ್ಮ ಕೆರೆ ಏರಿ ನಮ್ಮ ಶಾಲೆಯಿಂದ ದೂರ ಇಲ್ಲ ಅನ್ನಿಸುತ್ತದೆ. ಮುಂದಿನ ಮಳೆಗಾಲದಲ್ಲಿ ಗೀಜಗ ಕಟ್ಟುವಾಗ ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಆನವಟ್ಟಿ ಗದ್ದೆಯವನು

ಧಾರಾಳವಾಗಿ ಬನ್ನಿ. ನಾಟಿ ಮುಗಿದ ಮೇಲೆ ಬನ್ನಿ, ಬದುವಿನ ಮೇಲೆ ಓಡಾಡಲು ಸುಲಭ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.